ಗಣಿತದ ಗುಮ್ಮನೂ ನಮ್ಮ ವಾಣಿಜ್ಯ ವಿದ್ಯಾರ್ಥಿಗಳೂ

ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ಕಾಲ ಬಂದಿತೆಂದರೆ ನಮ್ಮ ಕುಟುಂಬಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: “ಉಳಿದದ್ದೆಲ್ಲ ಪಾಸಾಗಿದೆ, ಲೆಕ್ಕದ ಪೇಪರೊಂದು ಅರಿಯರ್ ನಿಂತಿದೆ.” ‘ಅರಿಯರ್’ ಎಂಬ ಈ ಚೆನ್ನೈ ಮಾತು ಊರಿನಿಂದ ಹೊಸದಾಗಿ ಬಂದವರಿಗೆ ಮೊದಲು ತಿಳಿಯುವುದಿಲ್ಲ, ಮಕ್ಕಳು ಕಾಲೇಜು ಸೇರಿದ ಒಂದೇ ವರ್ಷದಲ್ಲಿ ಚೆನ್ನಾಗಿ ತಿಳಿದುಬಿಡುತ್ತದೆ!

ನಮ್ಮವರ ಮಕ್ಕಳಲ್ಲಿ ಬಹುಮಂದಿ ವಾಣಿಜ್ಯಶಾಸ್ತ್ರವನ್ನು ಆರಿಸಿಕೊಳ್ಳುವುದು ಸಹಜವೇ. ಹೋಟೆಲು, ಅಂಗಡಿ, ಬ್ಯಾಂಕು ಇವುಗಳ ನಡುವೆಯೇ ಬೆಳೆದ ಮಕ್ಕಳು ಬಿ.ಕಾಂ., ಬಿ.ಬಿ.ಎ., ಸಿ.ಎ. ಎಂದು ಹೊರಡುತ್ತಾರೆ. “ಸಯನ್ಸ್ ಬಿಟ್ಟರೆ ಗಣಿತದ ಕಾಟವಿಲ್ಲ” ಎಂಬ ಧೈರ್ಯವೂ ಅದರ ಹಿಂದೆ ಇರುವುದುಂಟು. ಆದರೆ ಕಾಲೇಜಿನ ಬಾಗಿಲು ದಾಟಿದ ಕೂಡಲೆ ವ್ಯಾಪಾರ ಗಣಿತ, ಸಂಖ್ಯಾಶಾಸ್ತ್ರ, ಆಪರೇಷನ್ಸ್ ರಿಸರ್ಚ್ ಎಂಬ ಹೆಸರುಗಳು ಒಂದರ ಹಿಂದೊಂದು ಎದುರಾಗುತ್ತವೆ. ಬೆಕ್ಕು ಬಂದಿತೆಂದು ಓಡಿದ ಇಲಿ ಬೋನಿಗೆ ಬಿದ್ದಂತೆ ಆಗುತ್ತದೆ.

ಕೆಲವು ಕಾಲದ ಹಿಂದೆ ನಮಗೆ ಪರಿಚಿತರಾದ ಕುಂದಾಪುರದ ಕಡೆಯ ಮಹನೀಯರೊಬ್ಬರು ಮಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದರು. ಅವರದು ನಗರದ ಗಲ್ಲಿಯೊಂದರಲ್ಲಿ ಸಣ್ಣ ಮೆಸ್ಸು. ಮಗಳು ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಳು; ಲೆಕ್ಕದ ಎರಡು ಪೇಪರುಗಳು ಅರಿಯರ್.

“ಇವಳಿಗೆ ಲೆಕ್ಕ ಹತ್ತುವುದಿಲ್ಲ ಮಾಷ್ಟ್ರೇ. ಓದು ನಿಲ್ಲಿಸಿ ಮೆಸ್ಸಿನ ಗಲ್ಲದ ಮೇಲೆ ಕೂರಿಸೋಣ ಎಂದಿದ್ದೇನೆ. ನೀವೇನು ಹೇಳುತ್ತೀರಿ?” ಎಂದು ನಮ್ಮಲ್ಲಿ ಹಿರಿಯರಾದ ನಿವೃತ್ತ ಉಪಾಧ್ಯಾಯರನ್ನು ಕೇಳಿದರು.

ಮಾಷ್ಟ್ರು ನಕ್ಕು, “ಗಲ್ಲದ ಮೇಲೆ ಕೂತು ಏನು ಮಾಡುತ್ತಾಳೆ ರಾಯರೇ? ಲೆಕ್ಕವೇ ಅಲ್ಲವೆ?” ಎಂದರು.

ರಾಯರು ಸುಮ್ಮನಾದರು. ಹುಡುಗಿಯ ಕಣ್ಣಲ್ಲಿ ನೀರಿತ್ತು.

ಮಾಷ್ಟ್ರು ಆಕೆಯನ್ನು ಬಳಿಗೆ ಕರೆದು, ಮೂರು ಊಟ, ಎರಡು ಕಾಫಿ, ಐನೂರರ ನೋಟು, ಚಿಲ್ಲರೆ ಎಷ್ಟು ಎಂದು ಕೇಳಿದರು. ಬಾಯಿಯಿಂದ ಉತ್ತರ ಥಟ್ಟನೆ ಬಂತು. ಅನಂತರ ಕಾಗದದ ಮೇಲೆ ಒಂದು ಸಮೀಕರಣ ಬರೆದುಕೊಟ್ಟರು. ಪೆನ್ನು ಹಿಡಿದ ಕೈ ನಿಂತೇ ಹೋಯಿತು. “ಹತ್ತನೆಯ ತರಗತಿ ಮುಗಿದ ಮೇಲೆ ನಾನು ಗಣಿತ ಮುಟ್ಟಿಯೇ ಇಲ್ಲ ಸರ್. ಕಾಲೇಜಿನಲ್ಲಿ ಮೊದಲ ದಿನವೇ ಅರ್ಥವಾಗಲಿಲ್ಲ. ಕೇಳಲು ನಾಚಿಕೆಯಾಯಿತು. ಆಮೇಲೆ ಉತ್ತರಗಳನ್ನೇ ಬಾಯಿಪಾಠ ಮಾಡಿದೆ” ಎಂದಳು.

ಈ ನಾಲ್ಕು ಮಾತುಗಳಲ್ಲಿ ರೋಗದ ಮೂಲವೆಲ್ಲ ಅಡಗಿದೆ ಎಂದು ನಮಗೆ ತೋರಿತು.

ಗಂಟು ಎಲ್ಲಿದೆ?

ತಮಿಳುನಾಡಿನಲ್ಲಿ ಹನ್ನೊಂದನೆಯ ತರಗತಿಗೆ ವಾಣಿಜ್ಯ ವಿಭಾಗ ಸೇರುವವರು ವ್ಯಾಪಾರ ಗಣಿತವನ್ನು ತೆಗೆದುಕೊಳ್ಳಬಹುದು, ಅದನ್ನು ಬಿಟ್ಟು ಬೇರೊಂದು ವಿಷಯವನ್ನೂ ಆರಿಸಿಕೊಳ್ಳಬಹುದು. ಕರ್ನಾಟಕದ ಪಿ.ಯು.ಸಿ.ಯಲ್ಲಿಯೂ ವಾಣಿಜ್ಯ ವಿದ್ಯಾರ್ಥಿ ಮೂಲ ಗಣಿತವನ್ನಾಗಲಿ ಸಂಖ್ಯಾಶಾಸ್ತ್ರವನ್ನಾಗಲಿ ತೆಗೆದುಕೊಳ್ಳದೆ ಮುಂದೆ ಸಾಗುವ ದಾರಿ ಉಂಟು. ಹೀಗೆ ಗಣಿತ ಬಿಟ್ಟ ವಿದ್ಯಾರ್ಥಿ ಎರಡು ವರ್ಷಗಳ ಕಾಲ ಅದರ ಗಾಳಿಯೂ ಸೋಕದೆ ಕಾಲೇಜಿಗೆ ಬರುತ್ತಾನೆ. ಅಲ್ಲಿ ಅದೇ ಬೆಂಚಿನಲ್ಲಿ ಆ ಎರಡು ವರ್ಷವೂ ಗಣಿತ ಮಾಡಿದವರು ಕೂತಿರುತ್ತಾರೆ. ಉಪಾಧ್ಯಾಯರ ಪಾಠ ಇಬ್ಬರಿಗೂ ಒಂದೇ. ಇದು ಬುದ್ಧಿಯ ವ್ಯತ್ಯಾಸವಲ್ಲ, ಅಭ್ಯಾಸದ ವ್ಯತ್ಯಾಸ. ಆದರೆ ಸೋತ ಮಗು “ನನಗೆ ತಲೆಯಿಲ್ಲ” ಎಂದುಕೊಳ್ಳುತ್ತದೆ; ಅದನ್ನು ಕೇಳಿ ಮನೆಯವರೂ ನಂಬುತ್ತಾರೆ.

ಇಂತಹ ಮಕ್ಕಳ ಉತ್ತರಪತ್ರಿಕೆಗಳನ್ನು ನೋಡಿದರೆ ತಪ್ಪು ಹೊಸ ಪಾಠದಲ್ಲಿ ಇರುವುದು ಅಪರೂಪ, ಹಳೆಯ ಪಾಠದಲ್ಲಿರುತ್ತದೆ. ಭಿನ್ನರಾಶಿ, ಶೇಕಡ, ಧನ ಋಣ ಚಿಹ್ನೆ, ಸಮೀಕರಣದ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಿಸುವುದು, ಇವು ನಾಲ್ಕೇ ಬಹುಪಾಲು ಅಂಕಗಳನ್ನು ನುಂಗುತ್ತವೆ. ಒಂದು ಸೀರೆಯ ಬೆಲೆಯನ್ನು ಶೇಕಡ 20 ಏರಿಸಿ, ಅನಂತರ ಶೇಕಡ 20 ಇಳಿಸಿದರೆ ಮೊದಲಿನ ಬೆಲೆಗೇ ಬರುತ್ತದೆಂದು ಅನೇಕರು ತಿಳಿಯುತ್ತಾರೆ. ನೂರು ರೂಪಾಯಿ 120 ಆಗಿ, 120ರಲ್ಲಿ ಶೇಕಡ 20 ಎಂದರೆ 24 ಕಳೆದು 96ಕ್ಕೆ ನಿಲ್ಲುತ್ತದೆ. ಇಷ್ಟು ಮನಸ್ಸಿಗೆ ಹತ್ತದವನಿಗೆ ಚಕ್ರಬಡ್ಡಿಯ ಸೂತ್ರ ಬರಿಯ ಮಂತ್ರವೇ ಸರಿ. ಆದುದರಿಂದ ಮೊದಲನೆಯ ಮದ್ದು ಇದು: ಕಾಲೇಜು ತೆರೆಯುವ ಮುಂಚಿನ ರಜದಲ್ಲಿ, ತಪ್ಪಿದರೆ ಮೊದಲ ತಿಂಗಳಿನಲ್ಲಿ, ಎಂಟು, ಒಂಬತ್ತು, ಹತ್ತನೆಯ ತರಗತಿಗಳ ಗಣಿತ ಪುಸ್ತಕಗಳನ್ನು ನಾಚಿಕೆಯಿಲ್ಲದೆ ಮತ್ತೆ ತೆರೆಯಬೇಕು. ಅಡಿಪಾಯ ಬಿರುಕು ಬಿಟ್ಟ ಮನೆಗೆ ಸುಣ್ಣ ಬಳಿದು ಫಲವಿಲ್ಲ.

ಪರಕೀಯವಲ್ಲದ ವಿದ್ಯೆ

ಎರಡನೆಯ ಗಂಟು ಭಾಷೆಯದು, ವೇಷದ್ದು. ಲೆಕ್ಕವೆಂದರೆ ಇಂಗ್ಲಿಷಿನ ದಪ್ಪ ಪುಸ್ತಕದಲ್ಲಿರುವ ಪರದೇಶದ ವಿದ್ಯೆ ಎಂಬ ಭಾವನೆ ಮಕ್ಕಳಲ್ಲಿ ಬೇರೂರಿದೆ. ಆದರೆ ಕನ್ನಡ ನಾಡಿನಲ್ಲಿ ವ್ಯಾಪಾರದ ಗಣಿತಕ್ಕೆ ಸಾವಿರ ವರ್ಷಗಳಿಗೂ ಮೀರಿದ ಚರಿತ್ರೆಯುಂಟು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ತ್ರೈರಾಶಿಕ, ಬಡ್ಡಿಯ ಲೆಕ್ಕ, ಬೇರೆ ಬೇರೆ ಬಣ್ಣದ ಚಿನ್ನಗಳ ಮಿಶ್ರಣ, ಇವೆಲ್ಲವೂ ಅದರಲ್ಲಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ ಒಂದು ಗಣಿತ ಗ್ರಂಥವನ್ನು ಬರೆದನು. ಅದರ ಹೆಸರೇ ‘ವ್ಯವಹಾರಗಣಿತ’. ಇಂದಿನ ‘ಬಿಸಿನೆಸ್ ಮ್ಯಾಥಮ್ಯಾಟಿಕ್ಸ್’ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಕನ್ನಡ ಇನ್ನಾವುದು?

ಮಹಾವೀರನ ಗ್ರಂಥವು ಅಚ್ಚಾಗಿ ಲೋಕಕ್ಕೆ ತಿಳಿದುಬಂದುದು ನಾವಿರುವ ಈ ನಗರದಿಂದಲೇ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಎಂ. ರಂಗಾಚಾರ್ಯರು ಹಳೆಯ ಹಸ್ತಪ್ರತಿಗಳನ್ನು ಕೂಡಿಸಿ, ಇಂಗ್ಲಿಷ್ ಅನುವಾದದೊಡನೆ ಅದನ್ನು ಸಿದ್ಧಪಡಿಸಿದರು. 1912ರಲ್ಲಿ ಮದರಾಸು ಸರ್ಕಾರ ಅದನ್ನು ಪ್ರಕಟಿಸಿತು.

ಹಿಂದಿನ ತಲೆಮಾರಿನ ನಮ್ಮ ಅಜ್ಜಂದಿರು ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿಗಳನ್ನು ಸಂಜೆಯ ದೀಪದ ಮುಂದೆ ಕೂತು ಒಪ್ಪಿಸಿದವರು. ಮಗ್ಗಿ ಬಾಯಲ್ಲಿದ್ದರೆ ಬುದ್ಧಿ ಬಿಡುವಾಗಿರುತ್ತದೆ. ಏಳೆಂಟಲೆ ಎಷ್ಟೆಂದು ತಡಕಾಡುವ ಮನಸ್ಸಿಗೆ ಪ್ರಶ್ನೆಯ ತಿರುಳನ್ನು ಹಿಡಿಯಲು ಪುರಸತ್ತೆಲ್ಲಿಯದು?

ಇಡ್ಲಿ, ದೋಸೆ ಮತ್ತು ಆಪರೇಷನ್ಸ್ ರಿಸರ್ಚ್

ಪುಸ್ತಕದ ಲೆಕ್ಕವನ್ನು ಮನೆಯ ಲೆಕ್ಕವಾಗಿ ಬದಲಾಯಿಸಿಕೊಳ್ಳುವುದು ಮೂರನೆಯ ಮದ್ದು. ಆ ಹುಡುಗಿ ಅತ್ಯಂತ ಹೆದರಿದ್ದು ‘ಲೀನಿಯರ್ ಪ್ರೋಗ್ರಾಮಿಂಗ್’ ಎಂಬ ಪಾಠಕ್ಕೆ. ಅಮೆರಿಕದ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ಅದಕ್ಕೊಂದು ಸಿದ್ಧ ವಿಧಾನವನ್ನು ಕಂಡುಹಿಡಿದನು. ಮಾಷ್ಟ್ರು ಅದನ್ನು ಅವಳಪ್ಪನ ಮೆಸ್ಸಿನ ಅಡಿಗೆಮನೆಗೆ ತಂದರು. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿ ಇಟ್ಟುಕೊಂಡದ್ದು. ಅನುಭವಸ್ಥ ಹೋಟೆಲಿಗರು ಕ್ಷಮಿಸಬೇಕು.

ಹಿಟ್ಟು 30 ಕಿಲೋ ಇದೆ. ಒಬ್ಬ ಅಡಿಗೆಯವರ ಎಂಟು ಗಂಟೆಯ, ಎಂದರೆ 480 ನಿಮಿಷಗಳ ದುಡಿಮೆ ಇದೆ. ಒಂದು ಪ್ಲೇಟು ಇಡ್ಲಿಗೆ 100 ಗ್ರಾಂ ಹಿಟ್ಟು, 1 ನಿಮಿಷದ ಕೆಲಸ, 8 ರೂಪಾಯಿ ಲಾಭ. ಒಂದು ದೋಸೆಗೆ 150 ಗ್ರಾಂ ಹಿಟ್ಟು, 3 ನಿಮಿಷದ ಕೆಲಸ, 15 ರೂಪಾಯಿ ಲಾಭ. ಮಾಡಿದ್ದೆಲ್ಲ ಮಾರಾಟವಾಗುತ್ತದೆಂದು ಇಟ್ಟುಕೊಳ್ಳೋಣ. ಯಾವುದನ್ನು ಎಷ್ಟು ಮಾಡಬೇಕು?

ಬರಿಯ ಇಡ್ಲಿಯಾದರೆ 300 ಪ್ಲೇಟಿಗೆ ಹಿಟ್ಟು ಮುಗಿಯಿತು. ಲಾಭ 2,400 ರೂಪಾಯಿ. ಆದರೆ ಅಡಿಗೆಯವರು ಮೂರು ಗಂಟೆ ಕೈಕಟ್ಟಿ ಕೂರಬೇಕು. ಬರಿಯ ದೋಸೆಯಾದರೆ 160ಕ್ಕೆ ಹೊತ್ತು ಮುಗಿಯಿತು. ಲಾಭ ಮತ್ತೆ 2,400. ಆದರೆ 6 ಕಿಲೋ ಹಿಟ್ಟು ಉಳಿದು ಹುಳಿಯಾಯಿತು. 120 ಪ್ಲೇಟು ಇಡ್ಲಿ, 120 ದೋಸೆ ಮಾಡಿದರೆ? ಹಿಟ್ಟು 12 ಮತ್ತು 18 ಸೇರಿ ಸರಿಯಾಗಿ 30 ಕಿಲೋ. ಹೊತ್ತು 120 ಮತ್ತು 360 ಸೇರಿ ಸರಿಯಾಗಿ 480 ನಿಮಿಷ. ಲಾಭ 960 ಮತ್ತು 1,800 ಸೇರಿ 2,760 ರೂಪಾಯಿ. ಯಾವುದೂ ಉಳಿಯಲಿಲ್ಲ, ಲಾಭವೂ ಹೆಚ್ಚಿತು. ಪುಸ್ತಕದಲ್ಲಿ ಎರಡು ಗೆರೆಗಳು ಒಂದನ್ನೊಂದು ಕತ್ತರಿಸುವ ಬಿಂದುವೆಂದರೆ ಇದೇ. “ಅಪ್ಪ ದಿನಾ ಇದನ್ನೇ ಅಂದಾಜಿನಲ್ಲಿ ಮಾಡುತ್ತಾರಲ್ಲ!” ಎಂದು ಆ ಹುಡುಗಿ ಉದ್ಗರಿಸಿದಳು. ಅಂದಿನಿಂದ ಆ ಪಾಠದ ಭಯ ಅರ್ಧ ಇಳಿಯಿತು.

ಸಂಖ್ಯಾಶಾಸ್ತ್ರವೂ ಹೀಗೆಯೇ. ಒಂಬತ್ತು ಮಂದಿ ಕೆಲಸಗಾರರಿಗೆ ತಿಂಗಳಿಗೆ 15,000 ರೂಪಾಯಿ, ಮ್ಯಾನೇಜರರಿಗೆ 1,15,000 ರೂಪಾಯಿ ಸಂಬಳವಿದ್ದರೆ ಸರಾಸರಿ 25,000. ಆ ಸಂಬಳ ಪಡೆಯುವವರು ಅಲ್ಲಿ ಒಬ್ಬರೂ ಇಲ್ಲ! ಸಾಲಾಗಿ ನಿಲ್ಲಿಸಿ ನಡುವಿನವರನ್ನು ಕೇಳಿದರೆ 15,000 ಎನ್ನುತ್ತಾರೆ, ಅದು ಮಧ್ಯಾಂಕ. ಎರಡೂ ಏಕೆ ಬೇಕೆಂಬುದು ಈ ಒಂದು ಉದಾಹರಣೆಯಿಂದ ತಿಳಿದರೆ ವ್ಯಾಖ್ಯೆಯನ್ನು ಉರುಹೊಡೆಯಬೇಕಾಗಿಲ್ಲ.

ಪೋರ್ಟ್ ಟ್ರಸ್ಟಿನ ಇಬ್ಬರು

ನಮ್ಮ ಮಕ್ಕಳಿಗೆ ಗಣಿತವೆಂದೊಡನೆ ಈ ನಗರದ ಶ್ರೀನಿವಾಸ ರಾಮಾನುಜನ್ನರ ಹೆಸರು ನೆನಪಾಗುತ್ತದೆ, “ಅಂತಹ ತಲೆ ನಮಗೆಲ್ಲಿಂದ ಬರಬೇಕು?” ಎಂಬ ನಿಟ್ಟುಸಿರೂ ಹೊರಡುತ್ತದೆ. ಆದರೆ ಅವರ ಚರಿತ್ರೆಯಲ್ಲಿ ಸಾಮಾನ್ಯ ವಿದ್ಯಾರ್ಥಿ ಕಲಿಯಬಹುದಾದ ಒಂದು ಸಂಗತಿಯುಂಟು. ರಂಗಾಚಾರ್ಯರ ಗ್ರಂಥ ಹೊರಬಂದ ಅದೇ 1912ರ ಮಾರ್ಚಿಯಲ್ಲಿ ರಾಮಾನುಜನ್ ಮದರಾಸು ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ವಿಭಾಗದಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತರಾಗಿ ಸೇರಿದರು. ಅಲ್ಲಿ ಅವರ ಮೇಲಧಿಕಾರಿಯಾಗಿದ್ದವರು ಎಸ್. ನಾರಾಯಣ ಅಯ್ಯರ್. ಸ್ವತಃ ಗಣಿತಜ್ಞರಾಗಿದ್ದ ಅವರು ಸಂಜೆಯ ಹೊತ್ತು ರಾಮಾನುಜನ್ನರೊಡನೆ ಹಲಗೆ ಹಿಡಿದು ಲೆಕ್ಕಕ್ಕೆ ಕೂರುತ್ತಿದ್ದರು. ರಾಮಾನುಜನ್ ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ನೆಗೆದುಬಿಡುತ್ತಿದ್ದರು. ನಡುವಿನ ಹೆಜ್ಜೆಗಳನ್ನು ಬಿಡಿಸಿ ಬರೆಯಬೇಕೆಂದು ಅಯ್ಯರ್ ಒತ್ತಾಯಪಡಿಸುತ್ತಿದ್ದರೆಂದು ಜೀವನಚರಿತ್ರೆಕಾರರು ಹೇಳುತ್ತಾರೆ.

ಮಹಾಮೇಧಾವಿಗೇ ಪಕ್ಕದಲ್ಲಿ ಕೂರುವ ಒಬ್ಬರು, “ಈ ಹೆಜ್ಜೆ ಹೇಗೆ ಬಂತು?” ಎಂದು ಕೇಳುವ ಒಬ್ಬರು ಬೇಕಾಗಿದ್ದರೆ, ನಮ್ಮ ನಿಮ್ಮ ಮಕ್ಕಳ ಮಾತೇನು?

ಬರ್ಕ್ಲಿಯ ಪಾಠ

ಇದೇ ಸತ್ಯವನ್ನು ದೂರದ ಅಮೆರಿಕದಲ್ಲಿ ಒಬ್ಬರು ಪರಿಶೀಲಿಸಿ ತೋರಿಸಿದ್ದಾರೆ. ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ 1970ರ ದಶಕದಲ್ಲಿ ಯೂರಿ ಟ್ರೈಸ್ಮನ್ ಎಂಬ ಗಣಿತಜ್ಞರು, ಕಲನಶಾಸ್ತ್ರದಲ್ಲಿ ಕಪ್ಪು ವಿದ್ಯಾರ್ಥಿಗಳು ಹೆಚ್ಚಾಗಿ ಸೋಲುವುದೂ ಚೀನೀ ಮನೆತನದ ವಿದ್ಯಾರ್ಥಿಗಳು ಗೆಲ್ಲುವುದೂ ಏಕೆಂದು ತಿಳಿಯಲು ಎರಡೂ ಗುಂಪುಗಳಿಂದ ಇಪ್ಪತ್ತಿಪ್ಪತ್ತು ಮಂದಿಯನ್ನು ಆರಿಸಿ, ಅವರು ಹೇಗೆ ಓದುತ್ತಾರೆಂದು ಜೊತೆಯಲ್ಲಿದ್ದು ನೋಡಿದರು. ಉತ್ಸಾಹ ಸಾಲದು, ಮನೆಯ ಬೆಂಬಲವಿಲ್ಲ, ಬಡತನ ಎಂದು ಪ್ರಾಧ್ಯಾಪಕರು ಊಹಿಸಿದ ಕಾರಣಗಳೊಂದೂ ನಿಲ್ಲಲಿಲ್ಲ. ಸೋತವರು ಶ್ರದ್ಧೆಯಿಂದಲೇ ಓದುತ್ತಿದ್ದರು; ಆದರೆ ಒಬ್ಬೊಬ್ಬರೇ, ಬಾಗಿಲು ಹಾಕಿಕೊಂಡು. ಚೀನೀ ವಿದ್ಯಾರ್ಥಿಗಳು ವಾರಕ್ಕೆ ಸುಮಾರು 14 ಗಂಟೆ ಓದುತ್ತಿದ್ದರು. ಅದರಲ್ಲಿ 8ರಿಂದ 10 ಗಂಟೆ ಒಬ್ಬರೇ ಲೆಕ್ಕ ಮಾಡಿ, ಅನಂತರ ಒಟ್ಟಿಗೆ ಊಟಮಾಡಿ, ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ತಪ್ಪು ಪರೀಕ್ಷೆಗೆ ಮೊದಲೇ, ಗೆಳೆಯರ ನಡುವೆಯೇ ಹೊರಬೀಳುತ್ತಿತ್ತು.

ಟ್ರೈಸ್ಮನ್ ಅಲ್ಲಿಗೇ ನಿಲ್ಲದೆ ಅಂತಹ ಕೂಟಗಳನ್ನು ಏರ್ಪಡಿಸಿದರು. ದಡ್ಡರಿಗೆ ಸುಲಭದ ಪಾಠವೆಂಬಂತೆ ಅಲ್ಲ. ಕಠಿಣವಾದ ಲೆಕ್ಕಗಳನ್ನೇ ಕೊಟ್ಟು ಒಟ್ಟಿಗೆ ಬಿಡಿಸಲು ಹೇಳಿದರು. ಸೋಲುತ್ತಿದ್ದವರ ಫಲಿತಾಂಶ ಗಣನೀಯವಾಗಿ ಉತ್ತಮಗೊಂಡಿತು.

ಇಲ್ಲಿ ಒಂದು ಎಚ್ಚರಿಕೆ. ಮೊದಲು ಒಬ್ಬರೇ, ಆಮೇಲೆ ಕೂಡಿ. ಈ ಕ್ರಮ ತಪ್ಪಬಾರದು. ಖಾಲಿ ಕೈಯಲ್ಲಿ ಬಂದು ಗೆಳೆಯನ ನೋಟ್ಸು ನಕಲು ಮಾಡುವುದು ಕೂಟವಲ್ಲ, ಹರಟೆ.

ದಿನಚರಿ ಹೇಗಿರಬೇಕು?

ಒಂದನೆಯದಾಗಿ, ಕಣ್ಣಿನಿಂದ ಓದಿದ ಲೆಕ್ಕ ಲೆಕ್ಕವಲ್ಲ. ಬಿಡಿಸಿದ ಉದಾಹರಣೆಯನ್ನು ಒಮ್ಮೆ ನೋಡಿ, ಪುಸ್ತಕ ಮುಚ್ಚಿ, ಕಾಗದದ ಮೇಲೆ ತಾನೇ ಬಿಡಿಸಬೇಕು. ರೋಡಿಗರ್, ಕಾರ್ಪಿಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ಅನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ಅನಂತರ ಮುಂದಾದರು. ವಿಶ್ವವಿದ್ಯಾನಿಲಯದ ಪರೀಕ್ಷೆ ಐದು ನಿಮಿಷದ ಅನಂತರ ಬರುವುದಿಲ್ಲವಷ್ಟೆ!

ಎರಡನೆಯದಾಗಿ, ಬೇರೆ ಬೇರೆ ಬಗೆಯ ಲೆಕ್ಕಗಳನ್ನು ಬೆರೆಸಿ ಮಾಡಬೇಕು. 2007ರಲ್ಲಿ ರೋರರ್ ಮತ್ತು ಟೇಲರ್ ಎಂಬವರು ಕಾಲೇಜು ವಿದ್ಯಾರ್ಥಿಗಳಿಗೆ ಘನಗಾತ್ರದ ಲೆಕ್ಕಗಳನ್ನು ಕಲಿಸಿ ನೋಡಿದರು. ಒಂದೊಂದು ಬಗೆಯನ್ನೇ ಒಟ್ಟಿಗೆ ಮಾಡಿದವರಿಗೆ ಅಭ್ಯಾಸದ ಹೊತ್ತಿನಲ್ಲಿ ಬಹಳ ಸುಲಭವೆನಿಸಿತು. ಆದರೆ ವಾರದ ಅನಂತರ ಶೇಕಡ 20ರಷ್ಟೇ ಸರಿಯಾಯಿತು. ಬೆರೆಸಿ ಮಾಡಿದವರಿಗೆ ಶೇಕಡ 63. ಯಾವ ಲೆಕ್ಕಕ್ಕೆ ಯಾವ ಸೂತ್ರವೆಂದು ಆರಿಸುವುದೇ ಪರೀಕ್ಷೆಯ ಅರ್ಧ ಕೆಲಸ.

ಮೂರನೆಯದಾಗಿ, ದಿನಕ್ಕೆ ಮುಕ್ಕಾಲು ಗಂಟೆಯಾದರೂ ತಪ್ಪದೆ ಮಾಡಬೇಕು. ಪರೀಕ್ಷೆಯ ಹಿಂದಿನ ವಾರ ರಾತ್ರಿಯಿಡೀ ಕೂರುವುದರಿಂದ ಚರಿತ್ರೆಯನ್ನಾದರೂ ದಾಟಬಹುದು, ಗಣಿತವನ್ನು ದಾಟಲಾಗದು. ಹಾಡಿ ಹಾಡಿ ರಾಗ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಾಲ್ಕನೆಯದಾಗಿ, ಅಂತರ್ಜಾಲದಲ್ಲಿ ಸಿಗುವ ಪಾಠಗಳನ್ನು ಬಳಸಿಕೊಳ್ಳಬೇಕು. ನಮ್ಮ ಊರಿನ ಐ.ಐ.ಟಿ.ಯೂ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಆಪರೇಷನ್ಸ್ ರಿಸರ್ಚಿನ ಉಪನ್ಯಾಸಗಳನ್ನು ದುಡ್ಡು ಕೊಡದೆ ಕೇಳಬಹುದು. ಆದರೆ ದಡದಲ್ಲಿ ಕೂತು ಈಜು ಕಲಿತವರಿಲ್ಲ.

ಸಿ.ಎ. ಕನಸು ಕಾಣುವವರಿಗೆ ಇದೆಲ್ಲ ಇನ್ನೂ ಮುಖ್ಯ. ಫೌಂಡೇಷನ್ ಪರೀಕ್ಷೆಯ ಮೂರನೆಯ ಪೇಪರು ನೂರು ಅಂಕಗಳದು: ವ್ಯಾಪಾರ ಗಣಿತಕ್ಕೆ 40, ತರ್ಕಕ್ಕೆ 20, ಸಂಖ್ಯಾಶಾಸ್ತ್ರಕ್ಕೆ 40. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಪ್ರತಿ ಪೇಪರಿನಲ್ಲೂ ಕನಿಷ್ಠ 40, ಒಟ್ಟಿನಲ್ಲಿ ಶೇಕಡ 50 ಬರಬೇಕು. ಲೆಕ್ಕವನ್ನು ಕೈಬಿಟ್ಟು ಉಳಿದುದರಲ್ಲಿ ತುಂಬಿಕೊಳ್ಳುತ್ತೇವೆಂಬ ಉಪಾಯ ಇಲ್ಲಿ ನಡೆಯದು.

ತಾಯಿತಂದೆಗಳಿಗೆ ಎರಡು ಮಾತು

ಮಕ್ಕಳು ಹನ್ನೊಂದನೆಯ ತರಗತಿ ಸೇರುವಾಗ ವಾಣಿಜ್ಯವೇ ಗುರಿಯಾದರೆ ವ್ಯಾಪಾರ ಗಣಿತವಿರುವ ವಿಭಾಗವನ್ನೇ ಆರಿಸಿಕೊಳ್ಳುವಂತೆ ಹೇಳಿರಿ. ಊರಿನಿಂದ ವರ್ಗವಾಗಿ ಬಂದ ಕುಟುಂಬಗಳು ಅವಸರದಲ್ಲಿ ಸಿಕ್ಕಿದ ಸೀಟು ಹಿಡಿಯುವಾಗ ಇದನ್ನು ಮರೆಯುವುದುಂಟು. “ನನಗೂ ಲೆಕ್ಕ ಬರುತ್ತಿರಲಿಲ್ಲ, ನಿನಗೆಲ್ಲಿಂದ ಬಂದೀತು?” ಎಂಬ ಮಾತನ್ನು ತಮಾಷೆಗೂ ಆಡಬೇಡಿರಿ. ಗಣಿತ ಗೊತ್ತಿಲ್ಲದ ತಾಯಿಯೂ ಮಗಳಿಗೆ ಒಂದು ಸಹಾಯ ಮಾಡಬಲ್ಲಳು: “ಇಂದು ಏನು ಮಾಡಿದೆ, ನನಗೆ ಕನ್ನಡದಲ್ಲಿ ಹೇಳು” ಎಂದು ಕೇಳಬಲ್ಲಳು. ಇಂಗ್ಲಿಷಿನಲ್ಲಿ ಉರುಹೊಡೆದದ್ದನ್ನು ಮನೆಮಾತಿನಲ್ಲಿ ಬಿಡಿಸಿ ಹೇಳಲು ಬಂದರೆ ಅದು ತಿಳಿದಿದೆ ಎಂದು ಅರ್ಥ; ತಡವರಿಸಿದರೆ ಎಲ್ಲಿ ತಿಳಿದಿಲ್ಲವೆಂದು ಮಗಳಿಗೇ ಗೊತ್ತಾಗುತ್ತದೆ.

ಇನ್ನು ಆ ಹುಡುಗಿಯ ವಿಷಯ. ಭಾನುವಾರ ಬೆಳಗ್ಗೆ ಮಾಷ್ಟ್ರ ಮನೆಯ ಜಗುಲಿಯಲ್ಲಿ ಆಕೆಯೂ ಇನ್ನು ಮೂವರೂ ಕೂರತೊಡಗಿದರು. ಮೊದಲ ಆರು ವಾರ ಒಂಬತ್ತನೆಯ ತರಗತಿಯ ಪುಸ್ತಕವೇ! ಎಲ್ಲವೂ ಚೆನ್ನಾಗಿಯೇ ಆಯಿತೆಂದು ನಾವು ಹೇಳಲಾರೆವು. ಒಬ್ಬ ಹುಡುಗ ಎರಡು ತಿಂಗಳಲ್ಲಿ ಬರುವುದನ್ನು ಬಿಟ್ಟನು. ಆಕೆಗೂ ಮೊದಲ ಸಲ ಎರಡರಲ್ಲಿ ಒಂದು ಪೇಪರು ಮಾತ್ರ ಪಾಸಾಯಿತು. ಆ ಸಂಜೆ ರಾಯರು ಮತ್ತೆ ಗಲ್ಲದ ಮಾತೆತ್ತಿದರಂತೆ. “ಇನ್ನೊಂದು ಸಲ ಕಟ್ಟುತ್ತೇನೆ ಅಪ್ಪಾ, ಈಗ ನನಗೆ ತಪ್ಪು ಎಲ್ಲಾಯಿತೆಂದು ಗೊತ್ತಿದೆ” ಎಂದಳಂತೆ ಮಗಳು. ಮುಂದಿನ ಸಲ, ಉತ್ತೀರ್ಣಳಾಗಲು ಬೇಕಾದುದಕ್ಕಿಂತ ಏಳು ಅಂಕ ಹೆಚ್ಚಾಗಿಯೇ ಬಂದವು. ಪದಕ ಬರಲಿಲ್ಲ, ಪದವಿ ಬಂತು. ಈಗ ಆಕೆ ಒಂದು ಆಡಿಟರರ ಕಚೇರಿಯಲ್ಲಿದ್ದಾಳೆ. ಭಾನುವಾರ ಜಗುಲಿಯಲ್ಲಿ ಕೂರುವುದನ್ನು ಬಿಟ್ಟಿಲ್ಲ, ಕಲಿಸುವವಳಾಗಿ.

ಸಂಘಗಳಲ್ಲಿ ನಾವು ನಾಟಕ, ಸಂಗೀತ, ಹಬ್ಬದೂಟಗಳಿಗೆ ಸೇರುತ್ತೇವೆ. ಅವು ಬೇಕು. ಅವುಗಳೊಡನೆ ವಾರಕ್ಕೊಮ್ಮೆ ಎರಡು ಗಂಟೆ, ಒಂದು ಕೋಣೆ, ಒಂದು ಕರಿಹಲಗೆ, ಇಷ್ಟನ್ನು ಮಕ್ಕಳಿಗೆ ಬಿಟ್ಟುಕೊಡಲಾರೆವೆ? ನಮ್ಮಲ್ಲಿ ನಿವೃತ್ತ ಬ್ಯಾಂಕು ಅಧಿಕಾರಿಗಳಿದ್ದಾರೆ, ಆಡಿಟರರಿದ್ದಾರೆ, ಉಪಾಧ್ಯಾಯರಿದ್ದಾರೆ. ಪರಸ್ಥಳದಲ್ಲಿ ಒಬ್ಬರಿಗೊಬ್ಬರು ಆಸರೆಯಾಗುವುದಕ್ಕೇ ಅಲ್ಲವೆ ನಾವು ಸಂಘ ಕಟ್ಟಿಕೊಂಡದ್ದು? ಮನಸ್ಸುಳ್ಳವರು ಮುಂದೆ ಬರಲಿ. ನಾಳೆ ಇನ್ನೊಂದು ಮಗು “ನನಗೆ ತಲೆಯಿಲ್ಲ” ಎಂದು ಕಣ್ಣೊರೆಸಿಕೊಳ್ಳುವ ಮುನ್ನ, ಅದರ ಪಕ್ಕದಲ್ಲಿ ಯಾರಾದರೂ ಕೂತು, “ಈ ಹೆಜ್ಜೆ ಹೇಗೆ ಬಂತು, ಹೇಳು ನೋಡೋಣ” ಎಂದು ಕೇಳುವಂತಾಗಲಿ ಎಂದು ಹಾರೈಸುತ್ತೇವೆ.